ಅಳತೆಯ ವಹಿ

ಭಾಂಡುಪಿನ ಗುಡ್ಡದ ಮೇಲೆ, ಕೊಡಗಳ ಸಾಲು ಮುಗಿಯುವಲ್ಲಿ
ನನ್ನ ಅಂಗಡಿ. ಬೋರ್ಡು ಕಂಪನಿಯವರದು:
ಮುಕ್ಕಾಲು ಪಾಲು ಕೆಂಪು, ಕೆಂಪಿನೊಳಗೆ ನೊರೆಯುಕ್ಕುವ ಬಾಟಲಿ,
ಕೆಳಗೆ ಮೂಲೆಯಲ್ಲಿ, ಇರುವೆ ಹರಿದಂತೆ,
‘ಸುಶೀಲಾ ಸಿಂಪಿಗೇರ, ಶಾಲಾ ಯೂನಿಫಾರ್ಮ್’.
ಬೋರ್ಡು ಪುಕ್ಕಟೆ. ಫ್ರಿಜ್ಜೂ ಪುಕ್ಕಟೆ.
ಷರತ್ತು ಒಂದೇ: ಅವರ ಬಾಟಲಿ ಬಿಟ್ಟು
ಬೇರೇನೂ ಒಳಗೆ ಇಡುವಂತಿಲ್ಲ.

ಅಪ್ಪ ಬಿಟ್ಟುಹೋದದ್ದು ಒಂದು ಮಶಿನ್ನು, ಒಂದು ಕತ್ತರಿ,
ಹನ್ನೊಂದು ಅಳತೆಯ ವಹಿ.
ಮುಂಬಯಿಯ ಸೊಂಟಗಳನ್ನೆಲ್ಲ ಕನ್ನಡದ ಅಂಕಿಯಲ್ಲಿ ಬರೆದಿದ್ದಾನೆ.
ಐದನೇ ಇಯತ್ತೆ, ಶೇಲಾರರ ಹುಡುಗ, ಸೊಂಟ ೨೨.
ಐದನೇ ಇಯತ್ತೆ, ಮೋಮಿನರ ಹುಡುಗಿ, ೨೧, ಒಳಗೆ ಹಿಡಿಯಬೇಕು.
ಕಾಜಾ ಹಾಕಲು ಬರುವ ರುಕ್ಸಾರಳಿಗೆ ಇದು ಓದಲು ಬಾರದು.
‘ದೀದಿ, ಇವು ಅಂಕಿಯೋ ಜಿಲೇಬಿಯೋ?’ ಎನ್ನುತ್ತಾಳೆ.

ಆಗ ಮಾರ್ಜಿನ್ ಬಿಡುತ್ತಿದ್ದದ್ದು ಕಾಲಿನ ಮಡಿಕೆಯಲ್ಲಿ.
ಜೂನಿನಲ್ಲಿ ಹೊಲಿದದ್ದನ್ನು ದೀಪಾವಳಿಗೆ ಬಿಚ್ಚಿ
ಒಂದಿಂಚು ಇಳಿಸಿದರೆ, ಬಣ್ಣ ಮಾಸದ ಒಂದು ಪಟ್ಟಿ
ಓಣಿಗೆಲ್ಲ ಸಾರುತ್ತಿತ್ತು: ನೋಡಿರಿ, ಬೆಳೆದ.
ಈಗ ಬಟ್ಟೆ ಬಿಡುವುದು ಬೆನ್ನ ಹಿಂದೆ, ಪಟ್ಟಿಯ ಒಳಗೆ,
ಯಾರಿಗೂ ಕಾಣದಂತೆ, ಎರಡಿಂಚು.
ದೀಪಾವಳಿಯವರೆಗೆ ಯಾರೂ ಕಾಯುವುದಿಲ್ಲ,
ಗಣಪತಿಗೇ ಬಿಚ್ಚಿಸಲು ಬರುತ್ತಾರೆ.

ನೀರು ಬರುವುದು ನಸುಕಿನ ನಾಲ್ಕೂವರೆಗೆ, ನಲವತ್ತು ನಿಮಿಷ.
ಬರದ ದಿನ ಟ್ಯಾಂಕರಿನವನು ಕೊಡಕ್ಕೆ ಹದಿನೈದು ಕೇಳುತ್ತಾನೆ.
ಶಾಲೆಯ ನಲ್ಲಿ ತಿರುಗಿಸಿದರೆ ಬರೀ ಗಾಳಿಯ ಕೆಮ್ಮು.
ನನ್ನ ಫ್ರಿಜ್ಜು ಮಾತ್ರ ಹಗಲೂ ರಾತ್ರಿ ಬೆವರುತ್ತ ನಿಂತಿರುತ್ತದೆ,
ಹತ್ತು ರೂಪಾಯಿಗೊಂದು, ಅಂಗೈಯುದ್ದದ ಬಾಟಲಿ.
ಬಾಯಾರಿದ ಮಗು ಲೆಕ್ಕ ಹಾಕುವುದಿಲ್ಲ.
ನಾನು ಹಾಕಿದೆ. ಒಂದು ರಾತ್ರಿ ಲೇಬಲ್ಲಿನ ಗ್ರಾಮು ನೋಡಿ
ಚಹಾದ ಚಮಚದಿಂದ ಪೇಪರಿನ ಮೇಲೆ ಸುರಿದೆ: ಆರು ಚಮಚ.
ಹಾಗೇ ಬಿಟ್ಟು ಮಲಗಿದೆ. ಬೆಳಗಾದರೆ ಇರುವೆ.

ಜಮಖಂಡಿಯ ಕಡೆ ಬಂದವರಿಗೆ ಬೆಲ್ಲ, ನೀರು:
ಬೆಲ್ಲ ಉಗುರಿನಷ್ಟು, ನೀರು ತಂಬಿಗೆ ತುಂಬ.
ಎರಡನ್ನೂ ಒಂದೇ ಬಾಟಲಿಗೆ ಸುರಿದವರು
ಅಳತೆ ತಪ್ಪಿದರೋ, ತಪ್ಪಿಸಿದರೋ.

ಫ್ರಿಜ್ಜಿನ ತಳದ ಸಾಲಿನಲ್ಲಿ, ಕಿತ್ತಳೆಯ ಹಿಂದೆ,
ಗುಂಡಿಯ ಡಬ್ಬಿಯಲ್ಲಿ ಅವ್ವನ ಇನ್ಸುಲಿನ್ ಇದೆ.
ಕಂಪನಿಯ ಹುಡುಗ ತಪಾಸಣೆಗೆ ಬರುವ ಮಂಗಳವಾರ
ಅದು ಒದ್ದೆ ಬಟ್ಟೆ ಸುತ್ತಿಕೊಂಡು ಮಣ್ಣಿನ ಮಡಕೆಗೆ ಹೋಗುತ್ತದೆ,
ಕದ್ದ ಮಾಲಿನಂತೆ.
ಹುಡುಗ ಒಳ್ಳೆಯವನೇ. ಸಾಲುಗಳ ಫೋಟೋ ಹಿಡಿದು
‘ಮೌಶಿ, ಸೇಲ್ ಚಲೋ ಇದೆ’ ಎಂದು ಒಂದು ಛತ್ರಿ ಕೊಟ್ಟು ಹೋದ.
ಅದೂ ಕೆಂಪು.

ನಿನ್ನೆ ವೇದಾಂತ ಬಂದ. ಅದೇ ಶೇಲಾರನ ಮಗ, ಐದನೇ ಇಯತ್ತೆ.
ಟೇಪು ಸುತ್ತುವ ಮೊದಲೇ ಉಸಿರು ಒಳಗೆಳೆದುಕೊಂಡ,
ಕಣ್ಣು ಫ್ಯಾನಿನ ಮೇಲೆ.
ಮೊದಲೆಲ್ಲ ಅಳತೆ ಕೂಗುತ್ತಿದ್ದೆ, ರುಕ್ಸಾರ ಬರೆಯುತ್ತಿದ್ದಳು.
ಹೊರಗೆ ನಿಂತ ಹುಡುಗರು ಒಮ್ಮೆ ನಕ್ಕ ಮೇಲೆ
ಕೂಗುವುದು ಬಿಟ್ಟೆ. ನಾನೇ ಬರೆಯುತ್ತೇನೆ, ಅಪ್ಪನ ಅಂಕಿಯಲ್ಲಿ,
ಈ ಗುಡ್ಡದಲ್ಲಿ ಯಾರೂ ಓದಲಾರದ ಹಾಗೆ.

‘ಉಸಿರು ಬಿಡೋ ರಾಜಾ,
ವರ್ಷವಿಡೀ ಉಸಿರು ಹಿಡಿದು ಶಾಲೆಗೆ ಹೋಗ್ತೀಯೇನು?’
ಬಿಟ್ಟ.
೩೩.

ಕಿಸೆಯಿಂದ ಹತ್ತರ ನಾಣ್ಯ ತೆಗೆದ.
ತಂಬಿಗೆ ಮುಂದಿಟ್ಟೆ. ಎತ್ತಿ ಕುಡಿದ, ಪೂರ್ತಿ,
ಗಂಟಲು ಏರಿಳಿಯಿತು; ಬಾಯಾರಿತ್ತು ನಿಜಕ್ಕೂ.
ಆಮೇಲೆ ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡು
ಫ್ರಿಜ್ಜಿನ ಗಾಜಿಗೆ ನಾಣ್ಯ ಬಡಿದು ಹೇಳಿದ: ‘ಕಿತ್ತಳೆಯದು.’

ಕೊಡಲಿಲ್ಲ ಎಂದು ಹೇಳಬಹುದಿತ್ತು ನಿಮ್ಮೆದುರು.
ಕೊಟ್ಟೆ. ಒಂದೂವರೆ ನನಗೆ, ಉಳಿದದ್ದು ಅವರಿಗೆ.

ಅವನು ಹೋದ ಮೇಲೆ ಸುಣ್ಣದ ಬಿಲ್ಲೆಯಿಂದ ಗೀಟು ಎಳೆದು
ಕತ್ತರಿ ಇಡುವ ಮುನ್ನ ಒಂದು ಗಳಿಗೆ ನಿಂತೆ.
ಹಿಂದೆ ಎರಡಿಂಚು ಬಿಟ್ಟೆ.
ಕೆಳಗೆ, ಕಾಲಿನ ಮಡಿಕೆಯಲ್ಲೂ, ಎರಡಿಂಚು.
ಎತ್ತರವೂ ಬೆಳೆದಾನು.